ಮುದುಕಿಯನ್ನು ಸಾಯಿಸುವ ವಿಚಾರ

ಕತೆಯಲ್ಲಿ ಒಬ್ಬರನ್ನು ಸಾಯಿಸುವುದು ಏನು ಮಹಾ ಕೆಲಸ ಎಂದು ಈಗಿನವರು ಕೇಳುತ್ತಾರೆ. ಮಹಾ ಕೆಲಸವೇನಲ್ಲ. ಆಮೇಲಿನ ವರ್ಷಗಳಲ್ಲಿ ನಾನೇ ಎಷ್ಟೋ ಜನರನ್ನು ಕಳಿಸಿಕೊಟ್ಟಿದ್ದೇನೆ. ಒಬ್ಬನಿಗೆ ಕಾಲರಾ ತಂದೆ, ಒಬ್ಬಳನ್ನು ಬಾವಿಗೆ ನೂಕಿದೆ, ಒಬ್ಬ ಜಮೀನ್ದಾರನಿಗೆ ಊಟದ ಎಲೆಯ ಮುಂದೆಯೇ ಎದೆನೋವು ಬರಿಸಿದೆ. ಬರೆದು ಮುಗಿಸಿ, ಕೈತೊಳೆದುಕೊಂಡು, ನೆಮ್ಮದಿಯಾಗಿ ಊಟ ಮಾಡಿದ್ದೇನೆ. ಆದರೆ ಮೊದಲನೆಯವಳು ಹಾಗೆ ಸುಲಭವಾಗಿ ಹೋಗಲಿಲ್ಲ. ಅವಳನ್ನು ಸಾಯಿಸಬೇಕೋ ಬೇಡವೋ ಎಂದು ಒಂದು ಮಳೆಗಾಲ ಪೂರ್ತಿ ಒದ್ದಾಡಿದೆ. ಕೊನೆಗೆ ಬೇಡ ಎಂದು ಬಿಟ್ಟೆ. ಬಿಟ್ಟರೂ ಸತ್ತಳು. ಅದನ್ನೇ ಹೇಳಲು ಕೂತಿದ್ದೇನೆ.

ಯುದ್ಧದ ಕಾಲ. ನಾನಾಗ ಮುಳಬಾಗಿಲಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನನ್ನ ಗಂಡ ಕೋಲಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು, ಮದುವೆಯಾದ ಎರಡನೇ ವರ್ಷವೇ ವಿಷಮಜ್ವರ ಬಂದು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮಾಲೂರಿನಲ್ಲಿ ಮೇಷ್ಟರಾಗಿದ್ದ ನಮ್ಮಪ್ಪ, ಮೂಲೆ ಹಿಡಿದು ಕೂರಬೇಡ ಎಂದು ಗದರಿ ನನ್ನನ್ನು ಟ್ರೈನಿಂಗಿಗೆ ಕಳಿಸಿ ಕೆಲಸಕ್ಕೆ ಹಚ್ಚಿದರು. ಮುಳಬಾಗಿಲಿಗೆ ವರ್ಗವಾದಾಗ ಒಂಟಿ ಹೆಂಗಸಿಗೆ ಮನೆ ಬಾಡಿಗೆಗೆ ಕೊಡುವವರೇ ಸಿಗಲಿಲ್ಲ. ಆಗ ನಂಗಲಿ ಕಡೆಯ ಹಳ್ಳಿಯಿಂದ ನನ್ನ ಅತ್ತೆ ಒಂದು ತಗಡಿನ ಟ್ರಂಕು ಹಿಡಿದುಕೊಂಡು ಬಂದಿಳಿದರು. ಅವರ ಗಂಡ ಹೋಗಿ ಬಹಳ ಕಾಲವಾಗಿತ್ತು, ಇದ್ದ ಒಬ್ಬನೇ ಮಗ, ನನ್ನ ಗಂಡ, ಹೋಗಿಬಿಟ್ಟಿದ್ದರು, ಮೈದುನನ ಮನೆಯ ಹಂಗಿನ ಕೂಳು ಸಾಕಾಗಿತ್ತು. ಹೀಗೆ ಅವರಿಗೆ ನಾನು, ನನಗೆ ಅವರು ಎಂದಾಯಿತು.

ನಾನು ಅವರನ್ನು ಅತ್ತಮ್ಮ ಎನ್ನುತ್ತಿದ್ದೆ. ಆ ಕಡೆ ಹಾಗೇ ಕರೆಯುವುದು. ಅವರದು ತೆಲುಗು ಮನೆ, ನಮ್ಮದು ಕನ್ನಡ. ಅವರ ಕನ್ನಡಕ್ಕೆ ತೆಲುಗಿನ ಎಳೆತ, ನನ್ನ ತೆಲುಗು ಅಡುಗೆಮನೆ ದಾಟದಷ್ಟು. ಉಪ್ಪು ಕೊಡಿ, ನೀರು ಕಾದಿದೆ, ಬಾಗಿಲು ಹಾಕಿ, ಇಷ್ಟಕ್ಕೆ ಅದು ಸಾಕಾಗುತ್ತಿತ್ತು. ಅದಕ್ಕಿಂತ ಹೆಚ್ಚು ಮಾತಾಡಲು ನಮಗೆ ಏನೂ ಇರಲಿಲ್ಲ ಎಂದರೆ ಸುಳ್ಳು. ಒಂದು ವಿಷಯ ಇತ್ತು, ಅದನ್ನು ಇಬ್ಬರೂ ಎತ್ತುತ್ತಿರಲಿಲ್ಲ. ನಮ್ಮಿಬ್ಬರಿಗೂ ಸಂಬಂಧ ತಂದಿಟ್ಟ ಮನುಷ್ಯನೇ ಹೋಗಿಬಿಟ್ಟಿದ್ದ ಮೇಲೆ ಅವರ ಮಾತು ಹೇಗೆ ತೆಗೆಯುವುದು? ಮಗನ ಹೆಸರನ್ನು ಅತ್ತಮ್ಮ ಬಾಯಿಬಿಟ್ಟು ಹೇಳಿದ್ದನ್ನು ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ಗಂಡನ ಹೆಸರು ಹೇಳುವ ರೂಢಿ ನನಗಂತೂ ಮೊದಲಿಂದಲೂ ಇರಲಿಲ್ಲ.

ಬೀದಿಯವರು ಕೆಟ್ಟವರೇನಲ್ಲ. ಆದರೆ ಇಬ್ಬರು ವಿಧವೆಯರ ಮನೆಗೆ ಯಾರು ತಾನೇ ಬರುತ್ತಾರೆ? ಎದುರು ಮನೆಯವರು ಮದುವೆಗೋ ಹೆಣ್ಣು ನೋಡುವುದಕ್ಕೋ ಹೊರಟರೆ ನಾವು ಒಳಗೆ ಹೋಗುವ ತನಕ ಹೊಸಿಲಲ್ಲೇ ನಿಂತಿರುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು. ಬೇಕೆಂದೇ ಮೊರ ತಂದು ಜಗಲಿಯ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಅತ್ತಮ್ಮ ಬಂದು ಸೆರಗು ಹಿಡಿದೆಳೆದು ಒಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಳಗೆ ಹೋದ ಮೇಲೆ ಅವರು ಆ ಗೋಡೆಗೆ, ನಾನು ಈ ಗೋಡೆಗೆ ಒರಗಿ ಕೂರುವುದು. ಸಂಜೆಗಳು ಅಷ್ಟು ಉದ್ದ ಇರುತ್ತವೆ ಎಂದು ನನಗೆ ಗೊತ್ತಾದದ್ದೇ ಆ ಮನೆಯಲ್ಲಿ.

ಬರೆಯಲು ಶುರುಮಾಡಿದ್ದು ಆ ಸಂಜೆಗಳನ್ನು ಕಳೆಯಲಿಕ್ಕೆ. ಸಾಹಿತ್ಯಸೇವೆ, ಸಮಾಜಸುಧಾರಣೆ, ಅಂಥದ್ದೇನೂ ತಲೆಯಲ್ಲಿರಲಿಲ್ಲ. ಒಂದು ಮನೆ, ಅದರಲ್ಲೊಬ್ಬಳು ಗಯ್ಯಾಳಿ ಅತ್ತೆ, ಒಬ್ಬಳು ಬಾಯಿಲ್ಲದ ಸೊಸೆ. ಅತ್ತೆ ಉಪ್ಪಿನಕಾಯಿ ಜಾಡಿಗೂ ಹುಣಿಸೆಹಣ್ಣಿನ ಮಡಕೆಗೂ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾಳೆ. ಸೊಸೆ ಮಾಡಿದ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, ಇದನ್ನು ಎಸೆದರೆ ನಾಯಿ ಸಾಯುತ್ತೆ ಅನ್ನುತ್ತಾಳೆ. ಬೆಂಗಳೂರಿನ ಒಂದು ವಾರಪತ್ರಿಕೆಗೆ ಸುಮ್ಮನೆ ಕಳಿಸಿದೆ. ಅವರು ಧಾರಾವಾಹಿಯಾಗಿ ಹಾಕುತ್ತೇವೆ, ಮುಂದುವರಿಸಿ ಎಂದರು. ಮುಂದೇನು ಎನ್ನುವುದು ನನಗೇ ಗೊತ್ತಿರಲಿಲ್ಲ, ಆದರೂ ಆಗಲಿ ಎಂದು ಬರೆದುಬಿಟ್ಟೆ.

ಬೀಗದಕೈಯಾಗಲಿ ಮುದ್ದೆಯ ಮಾತಾಗಲಿ ನಾನು ಎಲ್ಲಿಂದ ತಂದೆ ಎಂದು ಬೇರೆ ಹೇಳಬೇಕಾಗಿಲ್ಲ. ಅತ್ತಮ್ಮನ ಸೊಂಟದಲ್ಲೂ ಅಂಥದೇ ಒಂದು ಬೀಗದಕೈ ಇತ್ತು. ಅವರಿಗೆ ಓದು ಬರುತ್ತಿರಲಿಲ್ಲ, ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಪತ್ರಿಕೆ ಬಂದಾಗ ನಾನೇ ಓದಿ ಹೇಳಿದೆ. ಅವರು ಗಲ್ಲಕ್ಕೆ ಕೈಯಿಟ್ಟುಕೊಂಡು ಪೂರ್ತಿ ಕೇಳಿ, ಅಬ್ಬಬ್ಬಾ, ಎಂಥಾ ನಾಲಿಗೆ ಆ ಮುದುಕೀದು, ಯಾವ ಮನೆಹಾಳಿ ಹೆತ್ತಳೋ ಅವಳನ್ನ ಎಂದರು. ಹೀಗೆನ್ನುವಾಗ ಅವರ ಕೈ ಸೊಂಟದ ಬೀಗದಕೈ ಮೇಲೇ ಇತ್ತು. ನಾನು ನಗು ತಡೆಯಲಾಗದೆ ಹಿತ್ತಲಿಗೆ ಓಡಿದೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮೂರು ಜನ. ಅತ್ತಮ್ಮ, ನಾನು, ಆ ಮುದುಕಿ. ಬೆಳಗ್ಗೆ ಒಲೆ ಹಚ್ಚುವಾಗಲೇ ಅವಳ ಸುದ್ದಿ. ಈ ವಾರ ಆ ಸೊಸೆ ಎದುರು ಮಾತಾಡುತ್ತಾಳೋ ಇಲ್ಲವೋ ಎಂದು ಅತ್ತಮ್ಮ ನನ್ನ ಬೆನ್ನು ಹತ್ತುತ್ತಿದ್ದರು. ಮುದುಕಿ ಮಾಡಿದ್ದು ತಪ್ಪು ಎಂದು ನಾನಂದರೆ, ಅವಳಿಗೂ ಏನು ಸಂಕಟವಿದೆಯೋ ನಿನಗೇನು ಗೊತ್ತು ಎಂದು ಅವರು ವಾದಕ್ಕಿಳಿಯುತ್ತಿದ್ದರು. ನನ್ನ ತೆಲುಗು ಅಡುಗೆಮನೆ ಬಿಟ್ಟು ಹೊರಗೆ ಬಂದದ್ದು ಆ ಜಗಳಗಳಿಂದ. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕೆಟ್ಟು ಪತ್ರಿಕೆ ಬರುವುದು ತಡವಾದರೆ ಅತ್ತಮ್ಮ ಬಸ್ಸಿನವನಿಗೂ ಯುದ್ಧ ಮಾಡುವವರಿಗೂ ಸೇರಿಸಿ ಶಾಪ ಹಾಕುತ್ತಿದ್ದರು. ಬರೆದದ್ದು ನಾನೇ ಅಲ್ಲವೇ, ಮುಂದಿನದನ್ನು ಈಗಲೇ ಹೇಳುತ್ತೇನೆ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಚ್ಚಾಗಿ ಬಂದರೆ ಮಾತ್ರ ಅದು ನಿಜ ಅವರಿಗೆ.

ಹೀಗಿರುವಾಗ ಸಂಪಾದಕರು ಬರೆದರು. ಕಾಗದದ ಅಭಾವ, ಪುಟ ಇಳಿಸುತ್ತಿದ್ದೇವೆ, ಧಾರಾವಾಹಿಯನ್ನು ಬೇಗ ಮುಗಿಸಿಕೊಡಿ ಎಂದು. ಕೆಳಗೆ ಸಲಹೆ ಬೇರೆ: ಮುದುಕಿ ತೀರಿಕೊಂಡರೆ ಮುಕ್ತಾಯ ಸೊಗಸಾಗಿರುತ್ತದೆ, ಓದುಗರೂ ಅದನ್ನೇ ಎದುರುನೋಡುತ್ತಿದ್ದಾರೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳು ಇರುವ ತನಕ ಸೊಸೆಗೆ ಬಾಯಿ ಬರುವಂತಿರಲಿಲ್ಲ, ಕತೆ ಅಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಶಾಲೆಯಲ್ಲಿ ಹೊಲಿಗೆ ಟೀಚರು ದಿನಾ ಬೆಳಗ್ಗೆ, ಏನ್ರೀ, ನಿಮ್ಮ ಮುದುಕಿ ಇನ್ನೂ ಗಟ್ಟಿಯಾಗಿದ್ದಾಳಾ ಎಂದು ಕೇಳಿ ನಗುತ್ತಿದ್ದರು. ಬೇರೆ ಯಾರಾದರೂ ಬರೆದಿದ್ದರೆ ನಾನೂ ಅವಳು ಯಾವಾಗ ಸಾಯುತ್ತಾಳೋ ಎಂದೇ ಕಾಯುತ್ತಿದ್ದೆ.

ಆದರೆ ಅವಳು ಸತ್ತರೆ ನಮ್ಮ ಮನೆಯಲ್ಲಿ ಮಾತು ಸತ್ತಂತೆ. ಇದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಮತ್ತೆ ಆ ಗೋಡೆಗೆ ಅವರು, ಈ ಗೋಡೆಗೆ ನಾನು. ಆ ಸಂಜೆಗಳನ್ನು ನೆನೆಸಿಕೊಂಡರೆ ನನಗೆ ಭಯವಾಗುತ್ತಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಜೊತೆಗೆ ಇನ್ನೊಂದು ಯೋಚನೆ. ಅತ್ತಮ್ಮನ ಬೀಗದಕೈಯನ್ನೂ ಮಾತನ್ನೂ ತೆಗೆದು ಯಾರಿಗೆ ಕೊಟ್ಟಿದ್ದೆನೋ ಅವಳನ್ನು ಚಟ್ಟದ ಮೇಲೆ ಮಲಗಿಸಿ, ಅದನ್ನು ಅತ್ತಮ್ಮನ ಮುಂದೆಯೇ ಕೂತು ಓದುವುದು ಹೇಗೆ? ನನ್ನ ಕೈಲಿ ಆಗದು.

ಆದರೂ ಸಂಪಾದಕರ ಮಾತಿಗೆ ಒಂದು ಪ್ರಯತ್ನ ಮಾಡಿದೆ. ಮುದುಕಿಗೆ ಜ್ವರ ತಂದೆ. ಆ ವಾರ ಓದಿದಾಗ ಅತ್ತಮ್ಮನ ಮುಖ ಇಳಿದುಹೋಯಿತು. ಆ ಸೊಸೆ ಎಂಥಾ ಪೆದ್ದಿ, ಶುಂಠಿ ಮೆಣಸಿನ ಕಷಾಯ ಕಾಸಿಕೊಡೋದು ಬಿಟ್ಟು ಅಳುತ್ತಾ ಕೂತಿದ್ದಾಳಲ್ಲ ಎಂದು ರೇಗಿದರು. ಮರುದಿನ ನನ್ನನ್ನು ಕೂರಿಸಿಕೊಂಡು ಕಷಾಯಕ್ಕೆ ಏನೇನು ಹಾಕಬೇಕು ಎಂದು ಹೇಳಿದರು. ನಾನು ಏನು ಮಾಡಲಿ? ಸೊಸೆ ಆ ಕಷಾಯವನ್ನೇ ಕಾಸಿಕೊಟ್ಟಳು, ಮುದುಕಿ ಎದ್ದು ಕೂತು ಕಷಾಯ ಸೀದಿದೆ ಎಂದು ಬೈದಳು. ಅತ್ತಮ್ಮ ಆ ವಾರವೆಲ್ಲ ಹಿತ್ತಲಿನ ಗೋಡೆಯಾಚೆಯ ಹೆಂಗಸಿಗೆ, ನಮ್ಮ ಕಷಾಯದಿಂದ ಒಂದು ಜೀವ ಉಳೀತು ಎಂದು ಹೇಳಿಕೊಂಡಿದ್ದೇ ಹೇಳಿಕೊಂಡಿದ್ದು. ಆಮೇಲೆ ಬಾವಿಕಟ್ಟೆಯ ಮೇಲೆ ಮುದುಕಿಯ ಕಾಲು ಜಾರಿಸಿ ನೋಡಿದೆ. ಪಾದ ಉಳುಕಿದ್ದಕ್ಕಿಂತ ಹೆಚ್ಚಾಗಲು ಲೇಖನಿ ಒಪ್ಪಲಿಲ್ಲ. ಸಂಪಾದಕರಿಗೆ ಸಿಟ್ಟು ಬಂತು. ಇನ್ನೊಂದೇ ಕಂತು, ಆಮೇಲೆ ಜಾಗವಿಲ್ಲ ಎಂದು ಕಡ್ಡಿ ಮುರಿದಂತೆ ಬರೆದರು.

ಯೋಚಿಸಿ ಯೋಚಿಸಿ ಒಂದು ದಾರಿ ಹೊಳೆಯಿತು. ಸಾಯಿಸುವುದೇ ಬೇಡ. ಮುದುಕಿ ಬೀಗದಕೈಯನ್ನು ಸೊಸೆಯ ಕೈಗೆ ಕೊಡುತ್ತಾಳೆ. ಕಾರ್ತಿಕ ಸೋಮವಾರದ ಸಂಜೆ ಬೆಟ್ಟದ ಮೇಲಿನ ಗುಡಿಗೆ ದೀಪ ಇಡಲು ಒಬ್ಬಳೇ ಹೊರಡುತ್ತಾಳೆ. ಬಾಯಿ ಮಾಡದೆ, ಯಾರನ್ನೂ ಬೈಯದೆ. ಸೊಸೆ ಕೆಳಗೆ ನಿಂತು ನೋಡುತ್ತಿರುತ್ತಾಳೆ. ಕೊನೆಯ ಸಾಲು: 'ಕತ್ತಲಾಗುತ್ತಿತ್ತು. ದೀಪ ಮೆಲ್ಲಗೆ ಬೆಟ್ಟ ಹತ್ತಿತು.' ಬರೆದು ಮುಗಿಸಿ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಕತೆಯೂ ಮುಗಿಯಿತು, ಮುದುಕಿಯೂ ಉಳಿದಳು. ಅವಳು ಬೆಟ್ಟದ ಮೇಲೆ ಏನು ಮಾಡಿದಳು, ಇಳಿದು ಬಂದಳೋ ಇಲ್ಲವೋ, ಬಂದು ಏನೆಂದಳು ಎಂದು ನಾವಿಬ್ಬರೂ ಎಷ್ಟು ದಿನ ಬೇಕಾದರೂ ವಾದ ಮಾಡುತ್ತಾ ಇರಬಹುದು ಎಂಬುದು ನನ್ನ ಆಸೆ.

ಆ ಕಂತು ಅಚ್ಚಾಗಿ ಬಂದ ಸಂಜೆ, ಸೀಮೆಎಣ್ಣೆ ಉಳಿಸಲೆಂದು ಹಿತ್ತಲ ಮೆಟ್ಟಿಲ ಮೇಲೆ ಬೆಳಕಿರುವಾಗಲೇ ಓದಲು ಕೂತೆವು. ಬೀಗದಕೈ ಕೊಟ್ಟ ಜಾಗಕ್ಕೆ ಬಂದಾಗ ಅತ್ತಮ್ಮ ಅಲುಗಾಡದೆ ಕೂತಿದ್ದರು. ಕೊನೆಯ ಸಾಲನ್ನು ನಾನು ನಿಧಾನವಾಗಿ, ಸ್ವಲ್ಪ ರಾಗವಾಗಿಯೇ ಓದಿದೆ. ಅವರು, "ಏಮೇ, ದೀಪಂ ಕೊಂಡೆಕ್ಕಿಂದಾ?" ಎಂದರು.

ಕೊಂಡ ಎಂದರೆ ಬೆಟ್ಟ. ಅಷ್ಟು ತೆಲುಗು ನನಗೂ ಬರುತ್ತಿತ್ತು. ದೀಪ ಬೆಟ್ಟ ಹತ್ತಿತೇ ಎಂದು ಕೇಳುತ್ತಿದ್ದಾರೆ, ಸಾಲು ಅವರಿಗೂ ಹಿಡಿಸಿದೆ ಎಂದು ಹಿಗ್ಗಿದೆ.

"ಊಂ ಅತ್ತಮ್ಮಾ, ಹತ್ತಿತು. ಚೆನ್ನಾಗಿದೆ ಅಲ್ವಾ?" ಎಂದೆ.

ಅವರು ನನ್ನ ಮುಖವನ್ನು ಒಂದು ಥರಾ ನೋಡಿದರು. ಮೊಣಕಾಲ ಮೇಲೆ ಕೈಯೂರಿ ಎದ್ದು ಬಚ್ಚಲಿಗೆ ಹೋದರು. ನೀರು ಸುರಿಯುವ ಸದ್ದು ಕೇಳಿಸಿತು. ಪಾತ್ರೆ ತೊಳೆಯುತ್ತಿರಬೇಕು ಎಂದುಕೊಂಡು ನಾನು ಪತ್ರಿಕೆಯಲ್ಲಿ ನನ್ನ ಹೆಸರನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದೆ. ಅವರು ಹೊರಗೆ ಬಂದಾಗ ಉಟ್ಟ ಸೀರೆಯಲ್ಲೇ ತಲೆಯಿಂದ ಕಾಲಿನ ತನಕ ತೊಯ್ದಿದ್ದರು. ಕೂದಲಿನಿಂದ ನೀರು ಇಳಿಯುತ್ತಿತ್ತು. ನಮ್ಮಲ್ಲಿ ಹಾಗೆ ಹೊತ್ತಲ್ಲದ ಹೊತ್ತಿನಲ್ಲಿ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳುವುದು ಸಾವಿನ ಸುದ್ದಿ ಬಂದಾಗ ಮಾತ್ರ. ನಂಗಲಿ ಕಡೆಯಿಂದ ಯಾರಾದರೂ ಬಂದು ಗೋಡೆಯಾಚೆಯಿಂದ ಏನಾದರೂ ಹೇಳಿ ಹೋದರೇ ಎಂದು ಗಾಬರಿಬಿದ್ದು, ಯಾರು ಹೋದರು ಎಂದು ಕೇಳಿದೆ.

"ಇನ್ಯಾರು? ಈಗ ನೀನೇ ಓದಿದ್ಯಲ್ಲ," ಎಂದರು ಅತ್ತಮ್ಮ.

ಆಗ ವಿವರಿಸಿದರು. ಅವರ ಕಡೆ ದೀಪ ಆರಿತು ಎಂದು ಬಾಯಲ್ಲಿ ಅನ್ನಬಾರದು. ದೀಪಂ ಕೊಂಡೆಕ್ಕಿಂದಿ, ದೀಪ ಬೆಟ್ಟ ಹತ್ತಿತು, ಎನ್ನಬೇಕು. ನಮ್ಮ ಮಾಲೂರಿನ ಮನೆಯಲ್ಲಿ ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತಿದ್ದೆವಲ್ಲ, ಹಾಗೆ. ಇಷ್ಟು ವರ್ಷ ಜೊತೆಯಲ್ಲಿದ್ದೂ ಆ ಮಾತನ್ನು ನಾನು ಅವರ ಬಾಯಲ್ಲಿ ಕೇಳಿಯೇ ಇರಲಿಲ್ಲ. ದೇವರ ದೀಪ ಸಣ್ಣಗಾಗುವ ಮೊದಲೇ ಓಡಿಬಂದು ಎಣ್ಣೆ ಹಾಕುತ್ತಿದ್ದರು, ದೀಪದ ವಿಷಯವನ್ನು ನನ್ನ ಕೈಗೆ ಕೊಡುತ್ತಲೂ ಇರಲಿಲ್ಲ. ನಾನು ಅದನ್ನು ಮಡಿ ಎಂದುಕೊಂಡಿದ್ದೆ. ಈಗ ಒದ್ದೆ ಸೀರೆಯಲ್ಲಿ ಮೆಟ್ಟಿಲ ಮೇಲೆ ಕೂತು ಮಗನ ಹೆಸರು ಹೇಳಿದರು. ಅವನು ಕೋಲಾರದಲ್ಲಿ ಜ್ವರದಲ್ಲಿ ಮಲಗಿದ್ದ ಕಡೇ ದಿನ, ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದಾಗ, ಒಳಗೆ ದೇವರ ಮುಂದೆ ದೀಪ ಕೊಂಡೆಕ್ಕಿತ್ತಂತೆ. ಮಗನ ಆರೈಕೆಗೆಂದು ಊರಿಂದ ಬಂದಿದ್ದವರು ಎಣ್ಣೆ ಹಾಕುವುದು ಮರೆತಿದ್ದರಂತೆ. ಯಾರಿಗೂ ಹೇಳದೆ ಮತ್ತೆ ಹಚ್ಚಿಟ್ಟರಂತೆ. ಅದನ್ನು ಅಲ್ಲಿಂದ ಇಲ್ಲಿಯ ತನಕ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ನಾನು ಏನು ಹೇಳಿದೆನೋ ನೆನಪಿಲ್ಲ. ದೀಪಕ್ಕೂ ಜ್ವರಕ್ಕೂ ಏನು ಸಂಬಂಧ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿದ ಹಾಗೆ ಏನೋ ಹೇಳಿರಬೇಕು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನನಗೆ ಕತೆಯದೇ ಚಿಂತೆ ಹತ್ತಿತು. ಅವಳು ಸತ್ತಿಲ್ಲ ಅತ್ತಮ್ಮಾ, ಬೆಟ್ಟಕ್ಕೆ ಹೋಗಿದ್ದಾಳೆ ಅಷ್ಟೆ, ಬೇಕಾದರೆ ಸಂಪಾದಕರ ಕಾಲು ಹಿಡಿದಾದರೂ ಇನ್ನೊಂದು ಕಂತು ಬರೆದು ಇಳಿಸಿಕೊಂಡು ಬರುತ್ತೇನೆ ಎಂದೆ. ಅವರು ಬೇಡ ಎಂದು ತಲೆಯಾಡಿಸಿದರು.

"ಅವಳು ನಾನೇ ಅಂತ ನಂಗೆ ಗೊತ್ತು ಕಣೇ," ಎಂದರು. "ಹುಣಿಸೆಹಣ್ಣಿನ ಮಡಕೆಗೆ ಬೀಗ ಹಾಕ್ದಾಗ್ಲೇ ಗೊತ್ತಾಯ್ತು. ನಾನು ಬೈದ್ರೆ ತಾನೇ ನೀನು ನಗ್ತಿದ್ದೆ."

ಇಷ್ಟು ದಿನ ನಾನು ಅವರಿಗೆ ಕತೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಗೊತ್ತಿಲ್ಲದವರ ಹಾಗೆ ಕೂತು ತಮ್ಮನ್ನೇ ತಾವು ಬೈದುಕೊಂಡು ನನ್ನನ್ನು ನಗಿಸುತ್ತಿದ್ದರು. ದುಃಖ ಒತ್ತರಿಸಿಕೊಂಡು ಬಂತು. ಬಾಯಿಗೆ ಸೆರಗು ತುರುಕಿಕೊಂಡೆ. ಗಂಡ ಹೋದಾಗ ಸುತ್ತ ಜನ ಕೂಡಿದ್ದರು, ನನ್ನನ್ನು ಒಂದು ಕೋಣೆಯಲ್ಲಿ, ಅವರನ್ನು ಒಂದು ಕೋಣೆಯಲ್ಲಿ ಕೂರಿಸಿದ್ದರು. ನಾವಿಬ್ಬರು ಒಬ್ಬರೆದುರು ಒಬ್ಬರು ಅತ್ತಿರಲೇ ಇಲ್ಲ.

ಅತ್ತಮ್ಮ ನನ್ನ ಬಾಯಿಂದ ಸೆರಗನ್ನು ಬಿಡಿಸಿದರು. ಅವರ ಕೈ ತಣ್ಣಗಿತ್ತು.

"ಅತ್ಬಿಡು," ಎಂದರು. "ಈ ಸಲ ಅಳೋಕೆ ಇಬ್ರಿದ್ದೀವಿ. ನಾನು ನಿಜವಾಗ್ಲೂ ಹೋದಾಗ ನೀನು ಒಬ್ಳೇ ಅಳ್ಬೇಕು."

ಇಬ್ಬರೂ ಅತ್ತೆವು. ಮುದುಕಿಗಾಗಿ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಗೋಡೆಯಾಚೆಯ ಹೆಂಗಸು ಇಣುಕಿ ನೋಡಿ ಏನಾಯಿತು ಎಂದು ಕೇಳಿದರೆ, ಅತ್ತಮ್ಮ ಕಣ್ಣೊರೆಸಿಕೊಂಡು, ನಮ್ಮವರೊಬ್ಬರು ಹೋದರು ಎಂದರು. ಅದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ಕತ್ತಲಾಗುತ್ತಾ ಬಂದಾಗ ನನ್ನ ಬೆನ್ನು ತಟ್ಟಿ, "ಏಳು, ನೀನೂ ತಲೆಗೆ ಹಾಕ್ಕೋ. ನಿನ್ನ ಅತ್ತೆ ತಾನೇ ಸತ್ತಿದ್ದು," ಎಂದರು. ಅಳುವಿನ ನಡುವೆ ನಗು ಬಂತು. ಹೋಗಿ ಹಾಕಿಕೊಂಡೆ.

ಆಮೇಲೆ ನೋಡಿದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತೆಲುಗು ಮಾತಿನ ಓದುಗರೆಲ್ಲ ಮುದುಕಿ ಸತ್ತಳೆಂದೇ ತಿಳಿದಿದ್ದರು. ಅಂತೂ ಹೋದಳಲ್ಲ ಎಂದು ಹೊಲಿಗೆ ಟೀಚರು ನಿಟ್ಟುಸಿರಿಟ್ಟರು, ಅವರ ಕಣ್ಣಲ್ಲೂ ನೀರಿತ್ತು. ಮಾಲೂರಿನಿಂದ ಅಪ್ಪ ಮಾತ್ರ, ಆ ವಯಸ್ಸಾದವಳನ್ನು ಕತ್ತಲಲ್ಲಿ ಬೆಟ್ಟದ ಮೇಲೆ ಬಿಟ್ಟಿದ್ದೀಯಲ್ಲ, ಯಾವಾಗ ಇಳಿಸುತ್ತೀ ಎಂದು ಹೇಳಿಕಳಿಸಿದರು. ಮುಂದೆ ಅದು ಪುಸ್ತಕವಾಗುವಾಗ ಪ್ರಕಾಶಕರು, ಸತ್ತಳೋ ಬದುಕಿದಳೋ ಒಂದು ಸಾಲು ಸೇರಿಸಿ ಸ್ಪಷ್ಟ ಮಾಡಿ ಎಂದರು. ನಾನು ಸೇರಿಸಲಿಲ್ಲ.

ಮನೆಯಲ್ಲಿ ಮಾತು ನಿಂತುಹೋಗುತ್ತದೆ ಎಂದು ನಾನು ಹೆದರಿದ್ದು ಸುಳ್ಳಾಯಿತು. ಅತ್ತಮ್ಮ ಮಗನ ಮಾತು ಶುರುಮಾಡಿದರು. ಅವನು ಚಿಕ್ಕವನಿದ್ದಾಗ ಮಾವಿನ ಮರ ಹತ್ತಿ ಇಳಿಯಲಾಗದೆ ಅತ್ತದ್ದು, ಎಣ್ಣೆಸ್ನಾನ ಎಂದರೆ ಹೊಲಕ್ಕೆ ಓಡಿಹೋಗುತ್ತಿದ್ದದ್ದು. ನನಗೆ ಎರಡು ವರ್ಷದ ಗಂಡ ಮಾತ್ರ ಗೊತ್ತಿದ್ದದ್ದು. ಉಳಿದದ್ದನ್ನೆಲ್ಲ ಅವರು ಆ ಸಂಜೆಗಳಲ್ಲಿ ನನಗೆ ಕೊಟ್ಟರು. ಪತ್ರಿಕೆಗೆ ಬರೆಯುವುದಕ್ಕೆ ಪುರುಸೊತ್ತೇ ಸಿಗದಷ್ಟು ಮಾತಾಡಿದೆವು.

ಅವರು ನಿಜವಾಗಿ ಹೋದದ್ದು ಯುದ್ಧ ಮುಗಿದ ಮೇಲೆ, ನನಗೆ ಶ್ರೀನಿವಾಸಪುರಕ್ಕೆ ವರ್ಗವಾಗಿದ್ದಾಗ. ಜ್ವರವಿಲ್ಲ, ಏನಿಲ್ಲ, ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಒರಗಿದವರು ಏಳಲಿಲ್ಲ. ಊರು ಹೊಸದು, ಬೀದಿ ಹೊಸದು, ನನ್ನ ಮುಖ ನೋಡಿದವರೇ ಕಡಿಮೆ. ನಂಗಲಿ ಕಡೆಯಿಂದ ಅತ್ತಮ್ಮನ ಮೈದುನ ಮತ್ತು ಅವರ ಮಕ್ಕಳು ಬಂದು ಮಾಡಬೇಕಾದ್ದನ್ನು ಮಾಡಿ, ಬಸ್ಸು ತಪ್ಪುತ್ತದೆ ಎಂದು ಅಂದೇ ಹೊರಟುಬಿಟ್ಟರು. ನಾನು ಹಿತ್ತಲ ಬಾಗಿಲಲ್ಲಿ ಕೂತೆ. ಮುಂಚೆಯೇ ಜೊತೆಯಲ್ಲಿ ಅತ್ತು ಇಟ್ಟುಕೊಂಡಿದ್ದೇವಲ್ಲ, ಈಗ ಸ್ವಲ್ಪವಾದರೂ ಹಗುರವಾದೀತು ಎಂದು ಮನಸ್ಸಿನ ಮೂಲೆಯಲ್ಲಿ ನಂಬಿದ್ದೆ. ಏನೂ ಹಗುರವಾಗಲಿಲ್ಲ. ಮತ್ತೆ ಮೊದಲಿನಿಂದ ಅಳಬೇಕಾಯಿತು, ಅವರು ಹೇಳಿದ ಹಾಗೆ ಒಬ್ಬಳೇ. ಅತ್ತು ಸಾಕಾದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಏಳು, ತಲೆಗೆ ಹಾಕ್ಕೋ ಎಂದು ಯಾರೋ ಹೇಳಲಿ ಎಂದು ಕಾಯುತ್ತಿದ್ದೆ. ಹೇಳುವವರು ಯಾರೂ ಇರಲಿಲ್ಲ. ನಾನೇ ಎದ್ದು ಹೋಗಿ ಹಾಕಿಕೊಂಡೆ.